ಯಾರೂ ಹೇಳದ ಸಾಲು

ಕೋರ್ಟಿನಲ್ಲಿ ಎಲ್ಲರೂ ಅವಳನ್ನು ಬೆರಳಮ್ಮ ಎನ್ನುತ್ತಿದ್ದರು. ಹಿಂದಿನಿಂದ ಅನ್ನುತ್ತಿದ್ದದ್ದು ಕ್ರಮೇಣ ಮುಂದಿನಿಂದಲೂ ಶುರುವಾಗಿತ್ತು, ಅವಳೂ ಬೇಡವೆನ್ನಲಿಲ್ಲ. ಹದಿನೇಳು ವರ್ಷದಿಂದ ಅದೇ ಕೋರ್ಟ್‌ಹಾಲಿನಲ್ಲಿ, ಸಾಕ್ಷಿ ಕಟಕಟೆಯ ಬುಡದಲ್ಲಿರುವ ಅದೇ ಕುರ್ಚಿಯಲ್ಲಿ ಕೂತು, ಆಡಿದ ಮಾತು ನೆಲಕ್ಕೆ ಬೀಳುವ ಮೊದಲೇ ಶಾರ್ಟ್‌ಹ್ಯಾಂಡಿನಲ್ಲಿ ಹಿಡಿದಿಡುವುದು ಅವಳ ಕೆಲಸ. ಬೆಳಿಗ್ಗೆ ಬರೆದದ್ದನ್ನು ಮಧ್ಯಾಹ್ನ ಟೈಪು ಮಾಡಬೇಕು. ಅದನ್ನು ಸಾಕ್ಷಿಗೆ ಓದಿ ಹೇಳಿ ಸಹಿ ಹಾಕಿಸಬೇಕು. ವಕೀಲರು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡಿದರೆ ಹಾಗೇ ಬರೆಯಬೇಕು, ಸಾಕ್ಷಿ ಬಿಕ್ಕಿದರೆ ಬಿಕ್ಕಿದ್ದಷ್ಟನ್ನು ಬಿಟ್ಟು ಮಾತಾಡಿದ್ದನ್ನು ಬರೆಯಬೇಕು. ಒಂದು ಪದ ಹೆಚ್ಚಿಲ್ಲ, ಒಂದು ಪದ ಕಮ್ಮಿಯಿಲ್ಲ. ಅದರಲ್ಲಿ ಅವಳಿಗೆ ಸ್ವಲ್ಪ ಜಂಬವೂ ಇತ್ತು ಅಂತಿಟ್ಟುಕೊಳ್ಳಿ. ಇರಬೇಕಾದದ್ದೇ.

ಇನ್ನೊಂದು ಸಂಗತಿ. ಶಾರ್ಟ್‌ಹ್ಯಾಂಡ್ ಕಲಿಸುವವರು ಎಲ್ಲರಿಗೂ ಒಂದೇ ಗೆರೆ ಕಲಿಸುತ್ತಾರೆ. ಹತ್ತು ವರ್ಷ ಕಳೆಯುವಷ್ಟರಲ್ಲಿ ಅವರವರ ಗೆರೆ ಅವರವರಿಗೇ ಆಗಿಬಿಡುತ್ತದೆ. ಅವಳ ಪುಸ್ತಕವನ್ನು ಅವಳಲ್ಲದೆ ಬೇರೆ ನರಪಿಳ್ಳೆಯೂ ಓದಲಾರದು. ಅದಕ್ಕೇ ಮೊದಲ ಸಲ ಆ ಸಾಲು ಕಂಡಾಗ ಯಾರೋ ತಮಾಷೆ ಮಾಡಿದ್ದಾರೆ ಎಂದುಕೊಳ್ಳಲು ಅವಳಿಗೆ ದಾರಿಯೇ ಇರಲಿಲ್ಲ.

ಅವತ್ತು ಒಂದು ಜಮೀನಿನ ವ್ಯಾಜ್ಯ. ಮುದುಕ ಸರ್ವೆಯರ್ ಒಬ್ಬರು ಬೆಳಿಗ್ಗೆಯೆಲ್ಲ ಅಳತೆಯ ಲೆಕ್ಕ ಹೇಳಿದ್ದರು. ಮಧ್ಯಾಹ್ನ ಟೈಪಿಂಗ್ ಕೋಣೆಯಲ್ಲಿ ಕೂತು, ಕಣ್ಣು ಪುಸ್ತಕದ ಮೇಲೆ, ಬೆರಳು ಕೀಲಿಗಳ ಮೇಲೆ. ಎರಡು ಸಾಲು ಟೈಪಾದ ಮೇಲೆ ತಾನು ಹೊಡೆದದ್ದೇನೆಂದು ತಲೆಗೆ ಹೋಯಿತು. ‘ಅಲ್ಲಿಂದ ಮೂಡಣಕ್ಕೆ ಹದಿನಾಲ್ಕು ಅಡಿ ಬಿಟ್ಟು ಕಲ್ಲು ನೆಟ್ಟಿತ್ತು. ತುಂಬಿದೆ. ಎದ್ದು ಹೋಗು. ಆ ಕಲ್ಲನ್ನು ನಾನೇ ನೋಡಿದ್ದೇನೆ.’

ಪುಸ್ತಕ ತಿರುಗಿಸಿ ನೋಡಿದಳು. ಗೆರೆ ಅಲ್ಲೇ ಇತ್ತು, ಅವಳದೇ ಪೆನ್ಸಿಲು, ಅವಳದೇ ಗೆರೆ. ಸರ್ವೆಯರ್ ಅಂಥ ಮಾತು ಆಡಿರಲಿಲ್ಲ, ಯಾವ ಸರ್ವೆಯರ್ ಆಡುತ್ತಾರೆ? ಹಾಳೆ ಹರಿದು ಹೊಸದು ಏರಿಸಿದಳು. ಆಮೇಲೆ ನೆನಪಾಯಿತು, ಆ ಕಲ್ಲಿನ ಮಾತು ಬಂದು ಹತ್ತು ನಿಮಿಷಕ್ಕೇ ತಾನು ಕುರ್ಚಿಯಲ್ಲಿ ಒದ್ದೆಯಾಗಿದ್ದೆ ಎಂದು. ಎಲ್ಲರೂ ಊಟಕ್ಕೆ ಎದ್ದು ಹೋಗುವ ತನಕ ಫೈಲು ತಿರುವುವವಳಂತೆ ಕೂತಿದ್ದು, ಸ್ವೆಟರನ್ನು ಸೊಂಟಕ್ಕೆ ಸುತ್ತಿಕೊಂಡು, ಗೋಡೆಗೆ ಬೆನ್ನು ಸವರಿಕೊಂಡೇ ಹೊರಗೆ ಹೋಗಿದ್ದಳು. ಆ ಅವಮಾನ ಇನ್ನೂ ಹಸಿಯಾಗಿತ್ತು. ಅದರ ಮೇಲೆ ಇದೊಂದು.

ಅವಳಿಗೆ ಎಂಎಸ್ ಎಂಬ ಕಾಯಿಲೆಯಿದ್ದುದು ಗಂಡನಿಗೆ ಗೊತ್ತಿತ್ತು, ಆಸ್ಪತ್ರೆಗೆ ಗೊತ್ತಿತ್ತು. ಮಲ್ಟಿಪಲ್ ಸ್ಕ್ಲೆರೋಸಿಸ್. ಮೊದಲು ಒಂದು ಕಣ್ಣು ಮಂಜಾಯಿತು, ಸರಿಹೋಯಿತು. ಆಮೇಲೆ ಪಾದದಲ್ಲಿ ಜೋಮು ಬಂತು, ಪೂರ್ತಿ ಹೋಗಲಿಲ್ಲ. ನರಗಳ ಮೇಲಿನ ಹೊದಿಕೆ ಅಲ್ಲಲ್ಲಿ ಹಾಳಾಗಿ, ಮೆದುಳಿನಿಂದ ಹೊರಟ ಸುದ್ದಿ ದಾರಿಯಲ್ಲೇ ಕಳೆದುಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಹೋಗುವ ಸುದ್ದಿಯಷ್ಟೇ ಅಲ್ಲ, ಬರುವ ಸುದ್ದಿಯೂ ಕಳೆಯುತ್ತದೆ ಎಂದು ಗೊತ್ತಾದದ್ದು ಮೂತ್ರಕೋಶದ ವಿಷಯದಲ್ಲಿ. ಹೊಟ್ಟೆಯೊಳಗೆ ತುಂಬಿದ್ದು ಅವಳಿಗೆ ತಿಳಿಯುತ್ತಲೇ ಇರಲಿಲ್ಲ. ತಿಳಿದಾಗ ಹೊತ್ತು ಮೀರಿರುತ್ತಿತ್ತು.

ಕೋರ್ಟಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗಬಾರದಿತ್ತು. ಗೊತ್ತಾದರೆ ಕುರ್ಚಿ ಹೋಗುತ್ತದೆ. ಅವಳಿಗಿಂತ ಮುಂಚೆ ಒಬ್ಬ ಗುಮಾಸ್ತರಿಗೆ ಕೈ ನಡುಗುವ ಕಾಯಿಲೆ ಬಂದಿತ್ತು. ‘ಪಾಪ, ಆರಾಮಾಗಿ ಇರಲಿ’ ಎಂದು ಅವರನ್ನು ನೆಲಮಾಳಿಗೆಯ ಹಳೇ ಕಡತಗಳ ಕೋಣೆಗೆ ಕಳಿಸಿದರು. ಕರುಣೆಯಿಂದಲೇ ಕಳಿಸಿದರು, ಅನುಮಾನವಿಲ್ಲ. ಆ ಮನುಷ್ಯ ಅಲ್ಲಿ ಧೂಳಿನಲ್ಲಿ ಕೂತು ಎರಡು ವರ್ಷ ಯಾರ ಮಾತನ್ನೂ ಕೇಳದೆ ನಿವೃತ್ತನಾದ. ಬೆರಳಮ್ಮನಿಗೆ ಸಾವಿಗಿಂತ ಹೆಚ್ಚು ಹೆದರಿಕೆಯಿದ್ದದ್ದು ಆ ಕೋಣೆಯದು.

ಮಾರನೆಯ ದಿನ ಅವಳು ಬರೆಯುತ್ತಲೇ ತನ್ನ ಕೈ ನೋಡಿಕೊಂಡಳು. ಹನ್ನೊಂದೂಕಾಲಕ್ಕೆ, ವಕೀಲರ ಪ್ರಶ್ನೆಯ ನಡುವೆ, ಪೆನ್ಸಿಲು ತಡವರಿಸದೆ ಬರೆಯಿತು. ‘ತುಂಬಿದೆ. ಎದ್ದು ಹೋಗು.’ ಬರೆದು ಮತ್ತೆ ವಕೀಲರ ಮಾತು ಹಿಡಿಯಿತು. ಅವಳ ಮೈಮೇಲೆ ಮುಳ್ಳೆದ್ದವು. ಆದರೂ ಜಾಣೆ ಅವಳು, ಪೆನ್ಸಿಲಿನ ಮೊನೆಯನ್ನು ಪುಸ್ತಕದ ಅಂಚಿಗೆ ಒತ್ತಿ ಮುರಿದು, ಎದ್ದು ನಿಂತು, ಮೊನೆ ಮುರಿಯಿತು ಸ್ವಾಮಿ, ಎರಡು ನಿಮಿಷ ಎಂದಳು. ಹೋಗಿ ಬಂದಳು. ಒಂದು ಹನಿಯೂ ಆಚೆಗಾಗಲಿಲ್ಲ. ಎಷ್ಟೋ ತಿಂಗಳ ಮೇಲೆ ಒಣ ಬಟ್ಟೆಯಲ್ಲಿ ಮನೆಗೆ ಹೋದಳು.

ಹೆದರಿಕೆ ಎಷ್ಟು ದಿನ ಇರುತ್ತದೆ? ಉಪಯೋಗಕ್ಕೆ ಬರುವ ದೆವ್ವವನ್ನು ಯಾರೂ ಓಡಿಸುವುದಿಲ್ಲ. ದಿನಕ್ಕೆ ಮೂರು ಸಲ ಸಾಲು ಬರುತ್ತಿತ್ತು, ಮೂರು ಸಲ ಪೆನ್ಸಿಲು ಮುರಿಯುತ್ತಿತ್ತು. ನಿವೃತ್ತಿಗೆ ಹತ್ತಿರವಾದ ಜವಾನನಿಗೆ ಅದು ನೋಡಲಾಗಲಿಲ್ಲ. ಒಂದು ಬೆಳಿಗ್ಗೆ ಬಂದು ನೋಡುತ್ತಾಳೆ, ಮೇಜಿನ ಮೇಲೆ ಹನ್ನೆರಡು ಪೆನ್ಸಿಲು, ಸೂಜಿಯಂತೆ ಚೂಪು ಮಾಡಿ ಸಾಲಾಗಿಟ್ಟಿದ್ದ. ಇನ್ಮೇಲೆ ನೀವು ಏಳೋ ಹಾಗೇ ಇಲ್ಲಮ್ಮ ಎಂದು ಹಲ್ಲು ಬಿಟ್ಟ. ಅವಳಿಗೆ ಅವನ ಕಾಲಿಗೆ ಬೀಳಬೇಕೋ ಕತ್ತು ಹಿಸುಕಬೇಕೋ ತಿಳಿಯಲಿಲ್ಲ. ಆಮೇಲಿಂದ ಕೆಮ್ಮು ಬಂತು, ಕಣ್ಣಿಗೆ ಧೂಳು ಬಿತ್ತು, ಮನೆಯಿಂದ ಫೋನು ಬಂತು.

ಮನೆಯಲ್ಲಿ ಗಂಡನಿಗೆ ಸಾಲಿನ ಸುದ್ದಿ ಹೇಳಲಿಲ್ಲ. ಅವನು ಬಸ್ ಡ್ರೈವರ್, ಎಲ್ಲವನ್ನೂ ಬಸ್ಸಿನ ಲೆಕ್ಕದಲ್ಲೇ ತೂಗುವವನು. ಡ್ರೈವರ್ ಕೆಲಸಕ್ಕೆ ಸೇರಿದ ಮೇಲೆ ಮೊದಲು ಕಲಿಯೋದು ಗೇರ್ ಹಾಕೋದಲ್ಲ, ಉಚ್ಚೆ ಕಟ್ಟೋದು ಎನ್ನುತ್ತಿದ್ದ. ಆದರೂ ಅವಳನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದವನು ಅವನೇ. ತಿಂಗಳಲ್ಲಿ ಮೂರು ಸಲ ಹಾಸಿಗೆ ಬದಲಾಯಿಸಿದ್ದನ್ನು ಅವನು ಕಂಡೂ ಕಾಣದಂತೆ ಇದ್ದ. ನಾಲ್ಕನೆಯ ಸಲ ಸುಮ್ಮನೆ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತ.

ಅಲ್ಲಿ ಇದಕ್ಕೆಂದೇ ಇದ್ದ ಒಬ್ಬ ಸಿಸ್ಟರ್, ದಪ್ಪ ಕನ್ನಡಕ, ದಪ್ಪ ದನಿ. ಮೊದಲು ಶೌಚಕ್ಕೆ ಹೋಗಿ ಬರಲು ಹೇಳಿದರು. ಬಂದ ಮೇಲೆ ಮಲಗಿಸಿ ಕಿಬ್ಬೊಟ್ಟೆಯ ಮೇಲೆ ತಣ್ಣನೆಯ ಅಂಟು ಹಚ್ಚಿ ಒಂದು ಚಿಕ್ಕ ಯಂತ್ರ ಒತ್ತಿದರು. ಪೂರ್ತಿ ಆಯ್ತು ಅನ್ಸುತ್ತಾ ಎಂದು ಕೇಳಿದರು. ಆಯಿತು ಎಂದಳು. ಯಂತ್ರ ಮುನ್ನೂರ ನಲವತ್ತು ಎಂದು ತೋರಿಸಿತು. ಅಷ್ಟು ಮಿಲಿಲೀಟರ್ ಇನ್ನೂ ಒಳಗೇ ಉಳಿದಿದೆ, ದೊಡ್ಡ ಲೋಟ ತುಂಬಿ ಮಿಗುವಷ್ಟು.

ಸಿಸ್ಟರ್ ಸುತ್ತಿ ಬಳಸದೆ ಹೇಳಿದರು. ಈ ಕಾಯಿಲೆಯಲ್ಲಿ ಮೂತ್ರಕೋಶಕ್ಕೆ ಎರಡು ತೊಂದರೆ, ಹಿಡಿದಿಡೋದೂ ಬರಲ್ಲ, ಬಿಡೋದೂ ಬರಲ್ಲ. ಒಳಗೆ ನಿಂತ ನೀರು ಕೆಡುತ್ತದೆ, ಸೋಂಕಾಗುತ್ತದೆ, ಸೋಂಕಿನ ಜ್ವರ ಬಂದರೆ ಕಾಲು, ಕೈ, ತಲೆ ಎಲ್ಲ ಕೈಕೊಡುತ್ತದೆ. ಆದ್ದರಿಂದ ಗಡಿಯಾರ ನೋಡಿಕೊಂಡು ಹೋಗಬೇಕು, ನೀರು ಕಡಿಮೆ ಮಾಡಕೂಡದು, ದಿನಕ್ಕೆ ನಾಲ್ಕು ಸಲ ಸಣ್ಣ ನಳಿಕೆಯೊಂದನ್ನು ತಾನೇ ಹಾಕಿಕೊಂಡು ಖಾಲಿ ಮಾಡಬೇಕು. ಬೆರಳುದ್ದದ ನಳಿಕೆ ತೋರಿಸಿದರು. ನೋವಾಗಲ್ಲ, ನಾಲ್ಕು ದಿನದಲ್ಲಿ ಅಭ್ಯಾಸವಾಗುತ್ತದೆ, ನಾನೇ ಇಲ್ಲಿ ಕೂರಿಸಿ ಕಲಿಸುತ್ತೇನೆ ಎಂದರು. ಅವಳು ತಲೆಯಾಡಿಸಿ, ಇವತ್ತು ಬೇಡ ಎಂದು ಪೊಟ್ಟಣ ಇಸಿದುಕೊಂಡು ಬಂದು, ಅಲಮಾರಿಯಲ್ಲಿ ಹಾಸಿಗೆ ಚಾದರಗಳ ಹಿಂದೆ ತುರುಕಿದಳು. ಅದನ್ನು ಮುಟ್ಟಿದರೆ ಕಾಯಿಲೆ ಗೆದ್ದಂತೆ ಎಂದು ಅವಳ ಎಣಿಕೆ. ವೈದ್ಯರ ಹತ್ತಿರವೂ ವಕೀಲರ ಹತ್ತಿರವೂ ಸುಳ್ಳು ಹೇಳಬಾರದು ಎನ್ನುತ್ತಾರೆ, ಅವಳು ಸುಳ್ಳು ಹೇಳಲಿಲ್ಲ, ಪುಸ್ತಕದ ಮಾತು ಎತ್ತಲಿಲ್ಲ ಅಷ್ಟೆ. ಪುಸ್ತಕವಿರುವಾಗ ನಳಿಕೆ ಯಾಕೆ?

ಆ ವಾರದಿಂದಲೇ ಸಾಲುಗಳು ಬದಲಾದವು.

ಹೋಗಿ ಬಂದು ಕುರ್ಚಿಯಲ್ಲಿ ಕೂತು ಐದು ನಿಮಿಷವಾಗಿರುತ್ತಿತ್ತು, ಪೆನ್ಸಿಲು ಬರೆಯುತ್ತಿತ್ತು, ‘ಇನ್ನೂ ಇದೆ.’ ಎರಡು ದಿನ ಬಿಟ್ಟು, ‘ನಾನಿನ್ನೂ ಇಲ್ಲೇ ಇದ್ದೇನೆ.’ ಟೈಪಿಂಗ್ ಕೋಣೆಯಲ್ಲಿ ಅದನ್ನು ಓದಿದಾಗ ಅವಳಿಗೆ ಕಿಟಕಿ ಮುಚ್ಚಬೇಕೆನಿಸಿತು. ಹೊರಗೆ ಬಿಸಿಲಿತ್ತು, ಪಕ್ಕದ ಮೇಜಿನವಳು ಗುಂಡುಸೂಜಿಯ ಡಬ್ಬಿ ಹುಡುಕುತ್ತ ಗೊಣಗುತ್ತಿದ್ದಳು. ಗೆರೆಗಳನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. ಅವಳ ಗೆರೆ ಬಲಕ್ಕೆ ವಾಲುತ್ತದೆ, ಒತ್ತು ಜಾಸ್ತಿ. ಈ ಸಾಲುಗಳು ಎಡಕ್ಕೆ ವಾಲಿದ್ದವು, ಕಾಗದಕ್ಕೆ ಸೋಕಿಯೂ ಸೋಕದಷ್ಟು ಹಗುರ. ಮೊದಲ ದಿನದ ಪುಸ್ತಕ ತೆಗೆದು ನೋಡಿದಳು. ಅಂದು ಅವಳ ಗೆರೆಯಂತೆ ಬಲಕ್ಕೇ ಇದ್ದವು. ದಿನದಿನಕ್ಕೆ ಒಂದು ಕೂದಲೆಳೆಯಷ್ಟು ಎಡಕ್ಕೆ ವಾಲುತ್ತ ಬಂದಿದ್ದವು.

ಶುಕ್ರವಾರದ ಸಾಲಿನಲ್ಲಿ ಅವಳನ್ನು ಉದ್ದೇಶಿಸಿದ ಮಾತೇ ಇರಲಿಲ್ಲ. ‘ಅವಳು ಕೇಳಿಸಿಕೊಳ್ಳುತ್ತಿಲ್ಲ. ಯಾರಾದರೂ ಅವಳಿಗೆ ಹೇಳಿ.’ ಕಟಕಟೆಯಲ್ಲಿ ನಿಂತವರು ನ್ಯಾಯಾಧೀಶರ ಕಡೆ ತಿರುಗಿ ಹೇಳುವ ಧಾಟಿ ಅದು. ಸಾವಿರ ಸಲ ಬರೆದ ಧಾಟಿ, ಅವಳಿಗೆ ಗುರುತು ಸಿಗದೆ ಇರುತ್ತದೆಯೇ?

ಆಗ ಅವಳು ಮಾಡಿದ್ದು ಈ ತೊಂದರೆಯಿರುವವರೆಲ್ಲ ಮಾಡುವ ತಪ್ಪು. ತುಂಬಿದರೆ ತಾನೇ ಮಾತು, ತುಂಬದಿದ್ದರೆ? ನೀರು ಕುಡಿಯುವುದನ್ನು ನಿಲ್ಲಿಸಿದಳು. ಬೆಳಿಗ್ಗೆ ಅರ್ಧ ಲೋಟ ಕಾಫಿ, ಸಂಜೆ ಮನೆಗೆ ಬಂದ ಮೇಲೆ ಎರಡು ಗುಟುಕು. ತುಟಿ ಒಡೆಯಿತು, ನಾಲಿಗೆ ಹಲ್ಲಿಗೆ ಅಂಟಿತು. ಪುಸ್ತಕ ಮೂಕವಾಯಿತು. ಒಂದು ದಿನ, ಎರಡು ದಿನ, ಮೂರು ದಿನ, ಪುಟಪುಟವೂ ಶುದ್ಧ, ವಕೀಲರು ಸಾಕ್ಷಿಗಳು ಬಿಟ್ಟರೆ ಇನ್ನೊಬ್ಬರ ಸೊಲ್ಲಿಲ್ಲ. ಗೆದ್ದೆ ಎಂದುಕೊಂಡಳು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ, ಇಲ್ಲಿ ಕುಡಿಯದೆ ಇದ್ದದ್ದೊಂದೇ ವ್ಯತ್ಯಾಸ.

ನಾಲ್ಕನೆಯ ದಿನ ಕಾಲು ಭಾರವಾಯಿತು. ಮೆಟ್ಟಿಲು ಹತ್ತುವಾಗ ಎಡಗಾಲನ್ನು ಕೈಯಿಂದ ಎತ್ತಿಡಬೇಕಾಯಿತು. ಉರಿ ಗೊತ್ತಾಗಲಿಲ್ಲ, ಗೊತ್ತಾಗುವ ನರವೇ ಇರಲಿಲ್ಲವಲ್ಲ. ಗಂಡ ಹಣೆ ಮುಟ್ಟಿ, ‘ಏ, ಇಂಜಿನ್ ಕಾದಿದೆ ಕಣೇ ನಿಂದು. ರೇಡಿಯೇಟರ್‌ಗೆ ನೀರಿಲ್ದೆ ಗಾಡಿ ಓಡ್ಸಿದ್ರೆ ಸೀಜ್ ಆಗತ್ತೆ. ಇವತ್ತು ರಜಾ ಹಾಕು’ ಎಂದ. ಇವತ್ತೊಂದು ದಿನ ಎಂದಳು. ಅವತ್ತು ಮುಖ್ಯ ಸಾಕ್ಷಿಯ ದಿನ.

ಕೇಸು ಹೀಗಿತ್ತು. ಒಂದು ಮನೆಯ ಹಿರಿಯ, ಎಪ್ಪತ್ತು ದಾಟಿದವರು, ಮನೆಯ ಮೆಟ್ಟಿಲಿನಿಂದ ಬಿದ್ದು ಸತ್ತಿದ್ದರು. ದೊಡ್ಡ ಮಗ ತಳ್ಳಿದ ಎಂದು ಆರೋಪ. ಆ ಹೊತ್ತಿಗೆ ಮನೆಯೊಳಗಿದ್ದು ನೋಡಿರಬಹುದಾದವಳು ಕಿರಿಸೊಸೆ ಒಬ್ಬಳೇ. ದೊಡ್ಡ ಮಗ ಜಾಮೀನಿನ ಮೇಲೆ ಅದೇ ಮನೆಯಲ್ಲಿದ್ದ. ಅವಳೂ ಅದೇ ಮನೆಯಲ್ಲಿದ್ದಳು, ಅವನಿಗೆ ದಿನಾ ಊಟ ಬಡಿಸುತ್ತಿದ್ದಳು. ಅವಳು ಏನು ಹೇಳುತ್ತಾಳೋ ಅದೇ ಕೇಸು, ಬೇರೆ ಸಾಕ್ಷಿಯಿಲ್ಲ.

ಸಣ್ಣ ಹೆಂಗಸು. ಕಟಕಟೆಯ ಮರವನ್ನು ಎರಡು ಕೈಯಲ್ಲಿ ಹಿಡಿದು ನಿಂತಳು. ಸರ್ಕಾರಿ ವಕೀಲರು ಬಹಳ ಹೊತ್ತು ಅತ್ತಿತ್ತಲಿನದನ್ನು ಕೇಳಿ, ಕೊನೆಗೆ ಅದನ್ನೇ ಕೇಳಿದರು. ಮಾವನವರು ಬಿದ್ದಾಗ ಮೆಟ್ಟಿಲ ಮೇಲೆ ಇನ್ನಾರಿದ್ದರು? ಅವಳು ತಲೆ ಬಗ್ಗಿಸಿದಳು. ಹಾಲಿನಲ್ಲಿ ಫ್ಯಾನಿನ ಸದ್ದು. ಆಮೇಲೆ ಅವಳ ತುಟಿ ಅಲುಗಿತು, ಬಹಳ ಹೊತ್ತು ಅಲುಗಿತು. ದನಿ ಎಷ್ಟು ಕೆಳಗಿತ್ತೆಂದರೆ ಎರಡು ಮಾರು ದೂರದಲ್ಲಿದ್ದ ವಕೀಲರು ಕಿವಿಗೆ ಕೈಯಿಟ್ಟುಕೊಂಡರು. ಕಿವಿ ಮಂದವಾದ ನ್ಯಾಯಾಧೀಶರು ಬೆರಳಮ್ಮನ ಕಡೆ ನೋಡಿ ಸುಮ್ಮನಾದರು. ಅವಳು ಹಿಡಿದಿರುತ್ತಾಳೆ ಎಂದು ಎಲ್ಲರಿಗೂ ಧೈರ್ಯ. ಪೆನ್ಸಿಲೂ ಓಡುತ್ತಿತ್ತು.

ಆರೋಪಿಯ ವಕೀಲರು ಎದ್ದರು. ತಮಗೇನೂ ಕೇಳಿಸಲಿಲ್ಲ, ಓದಿಸಬೇಕು ಎಂದರು. ಓದಿ ಎಂದರು ನ್ಯಾಯಾಧೀಶರು.

ಬೆರಳಮ್ಮ ಪುಟ ನೋಡಿದಳು. ಅರ್ಧ ಪುಟ, ಎಲ್ಲವೂ ಎಡಕ್ಕೆ ವಾಲಿದ ಹಗುರ ಗೆರೆ. ಕಿರಿಸೊಸೆಯ ಒಂದೇ ಒಂದು ಪದವಿಲ್ಲ. ಅವಳ ತುಟಿ ಅಲುಗಿದ್ದು ನೆನಪಿತ್ತು, ಮಾತು ನೆನಪಿರಲಿಲ್ಲ. ನೆನಪಿಡುವುದು ಯಾವತ್ತೂ ಅವಳ ಕೆಲಸವಾಗಿರಲಿಲ್ಲ, ಅದು ಪೆನ್ಸಿಲಿನ ಕೆಲಸ. ಒಂದು ಕ್ಷಣ, ಏನೋ ಹೊಂದಿಸಿ ಓದಿಬಿಡಲೇ ಎನಿಸಿತು. ಅವಳ ಪುಸ್ತಕ ಓದಬಲ್ಲವರು ಯಾರೂ ಇರಲಿಲ್ಲ. ಕುರ್ಚಿ ಉಳಿಯುತ್ತಿತ್ತು. ಆದರೆ ಹದಿನೇಳು ವರ್ಷ ಒಂದು ಪದ ಸೇರಿಸದವಳಿಗೆ ಒಬ್ಬ ಮನುಷ್ಯನ ಕುತ್ತಿಗೆಗೆ ಬರುವ ಸಾಲನ್ನು ಹುಟ್ಟಿಸಲು ಬಾಯಿ ಬರಲಿಲ್ಲ. ಬರೆದದ್ದನ್ನೇ ಓದಿದಳು.

‘ತುಂಬಿದೆ. ಕೆಟ್ಟಿದೆ. ಎಷ್ಟು ಸಲ ಹೇಳಬೇಕು. ಅವಳು ನೀರು ನಿಲ್ಲಿಸಿದಳು, ನನ್ನ ಬಾಯಿ ಮುಚ್ಚಿಸಲು. ನಾನು ಹೊರಗಿನವಳಲ್ಲ. ತುಂಬಿದೆ. ಉರಿಯುತ್ತಿದೆ. ಎದ್ದು ಹೋಗಲು ಅವಳಿಗೆ ಇನ್ನು ಕಾಲಿಲ್ಲ. ಯಾರಾದರೂ ಎಬ್ಬಿಸಿ.’

ನ್ಯಾಯಾಧೀಶರು ಕನ್ನಡಕ ತೆಗೆದರು.

‘ಇದು ಯಾರ ಹೇಳಿಕೆ ಅಮ್ಮ?’

‘ನಂದು, ಸ್ವಾಮಿ.’

ಎದ್ದು ನಿಲ್ಲಲು ಹೋದಳು. ಕಾಲು ಇರಲಿಲ್ಲ. ನೆಲ ಮೇಲೆ ಬಂತು, ಕುರ್ಚಿಯಿಂದ ನೀರು ಹರಿದು ಫೈಲುಗಳ ಕಡೆ ಹೋಗುತ್ತಿದ್ದದ್ದನ್ನು ಎಲ್ಲರೂ ನೋಡಿದರು. ಜವಾನ ತನ್ನ ಕೋಟು ಕಳಚಿ ಅವಳ ಮೇಲೆ ಹೊದಿಸಿದ. ಮಲಗಿದಲ್ಲಿಂದ ಅವಳಿಗೆ ಕಂಡದ್ದು ಕಟಕಟೆಯ ಮರವನ್ನು ಹಿಡಿದ ಎರಡು ಸಣ್ಣ ಕೈಗಳು, ಮತ್ತು ಇನ್ನೊಮ್ಮೆ ಹೇಳಮ್ಮ ಎಂದು ಯಾರೋ ಕೇಳಿದಾಗ ಅಡ್ಡಡ್ಡ ಅಲ್ಲಾಡಿದ ತಲೆ.

ಆಸ್ಪತ್ರೆಯಲ್ಲಿ ನಳಿಕೆ ಹಾಕಿ ತೆಗೆದದ್ದು ಒಂಬೈನೂರು ಮಿಲಿ, ಮೊಸರು ಕದಡಿದ ಹಾಗಿತ್ತು. ಐದು ದಿನ ಔಷಧ ಇಳಿಸಿದರು. ಜ್ವರ ಬಿಟ್ಟಂತೆ ಕಾಲು ಮರಳಿ ಬಂತು. ಕಾಯಿಲೆ ಉಲ್ಬಣಿಸಿದ್ದಲ್ಲ, ಸೋಂಕಿನ ಬಿಸಿಗೆ ಹಳೇ ಗಾಯದ ನರಗಳು ಕೆಲಸ ನಿಲ್ಲಿಸಿದ್ದು ಎಂದರು ಸಿಸ್ಟರ್. ಅವಳು ಆಗ ಪುಸ್ತಕದ ವಿಷಯ ಎಲ್ಲವನ್ನೂ ಹೇಳಿದಳು. ಸಿಸ್ಟರ್ ನಗಲಿಲ್ಲ, ಜ್ವರದಲ್ಲಿ ತಲೆ ಏನೇನೋ ಆಡಿಸುತ್ತದೆ ಎಂದರು. ಮೊದಲ ಸಾಲು ಬರೆದ ದಿನ ಜ್ವರವಿರಲಿಲ್ಲ ಎಂದು ಇವಳೆಂದಳು. ಸಿಸ್ಟರ್ ಕೈಗವಸು ಮಡಚಿಟ್ಟರು. ‘ಹೇಗೋ ಒಂದು ದಾರೀಲಿ ಹೇಳ್ತಲ್ಲಮ್ಮ ಅದು. ಎಷ್ಟೋ ಜನರಿಗೆ ಅದೂ ಇಲ್ಲ’ ಎಂದು, ಕನ್ನಡಿ ತಂದು ಅವಳ ಮುಂದಿಟ್ಟು ಕಲಿಸಲು ಕೂತರು.

ಮೊದಲ ದಿನ ಅಳು ಬಂತು. ಮೂರನೆಯ ದಿನ ಸಿಟ್ಟು ಬಂತು. ವಾರದ ಹೊತ್ತಿಗೆ ಹಲ್ಲುಜ್ಜಿದಷ್ಟೇ ಆಯಿತು. ಕೈ ತೊಳೆ, ನಳಿಕೆ ಬಿಚ್ಚು, ಖಾಲಿ ಮಾಡು, ಎಸೆ, ಕೈ ತೊಳೆ. ಗಂಡ ಬಚ್ಚಲ ಬಾಗಿಲ ಹೊರಗಿನಿಂದ, ಟ್ಯಾಂಕ್ ಡ್ರೈನ್ ಆಯ್ತಾ ಎಂದು ಕೂಗುತ್ತಿದ್ದ. ಇವಳು ಒಳಗಿನಿಂದ ಬೈಯುತ್ತಿದ್ದಳು. ಎಷ್ಟೋ ಕಾಲದ ಮೇಲೆ ಆ ಮನೆಯಲ್ಲಿ ಅದರ ಬಗ್ಗೆ ನಗು ಕೇಳಿಸಿತು.

ಕುರ್ಚಿ ಹೋಗಲಿಲ್ಲ. ನ್ಯಾಯಾಧೀಶರು ಕೋಣೆಗೆ ಕರೆದು, ಇನ್ನು ಮೇಲೆ ಒಂದೂವರೆ ಗಂಟೆಗೊಮ್ಮೆ ಹತ್ತು ನಿಮಿಷ ಬಿಡುವು ಎಂದು ಆದೇಶ ಮಾಡಿದ್ದೇನೆ ಎಂದರು. ಆಮೇಲೆ ಕಿಟಕಿಯ ಕಡೆ ತಿರುಗಿ, ನನ್ನ ವಯಸ್ಸಿನವರಿಗೂ ಇದು ಬೇಕಾಗಿತ್ತು, ಕೇಳೋಕೆ ನಾಚಿಕೆ ಎಂದರು. ಮೊದಲ ಬಿಡುವಿಗೆ ಅರ್ಧ ಕೋರ್ಟೇ ಎದ್ದು ಓಡಿತು. ಎಲ್ಲರೂ ವರ್ಷಾನುಗಟ್ಟಲೆ ಕಟ್ಟಿಕೊಂಡೇ ಕೂತಿದ್ದರು, ನೋಡಿ.

ಪುಸ್ತಕದಲ್ಲಿ ಮತ್ತೆ ಸಾಲು ಬರಲಿಲ್ಲ. ಮೂರು ವಾರ ಪುಟಗಳು ಬಲಕ್ಕೆ ವಾಲಿ, ಒತ್ತಾಗಿ, ಅವಳವೇ ಆಗಿದ್ದವು. ಅವಳಿಗೆ ನೆಮ್ಮದಿಯಾಗಬೇಕಿತ್ತು, ಆಗಲಿಲ್ಲ. ತನ್ನದನ್ನು ಕೇಳಿಸಿಕೊಳ್ಳದೆ ಹೋದದ್ದಕ್ಕೆ ಇನ್ನೊಬ್ಬಳ ಮಾತು ಹೋಗಿತ್ತು. ಎಷ್ಟು ಕಷ್ಟದಿಂದ ಆಡಿದ ಮಾತೋ, ಅದನ್ನು ಹಿಡಿಯಬೇಕಾದ ಒಂದೇ ಕೈ ಆಚೆ ಹೊರಳಿತ್ತು. ಆ ಹೆಂಗಸು ಅವತ್ತು ಸಂಜೆ ಅದೇ ಮನೆಗೆ ಹೋದಳಂತೆ, ಜವಾನ ಹೇಳಿದ. ಮತ್ತೆ ಹೇಳದೆ ಹೋದರೆ ಕೇಸು ಬಿದ್ದುಹೋಗುತ್ತದೆ. ಬಿದ್ದರೆ ಅವಳು ಆ ಮನುಷ್ಯನ ಜೊತೆ ಅದೇ ಸೂರಿನಡಿ ಬಾಳಬೇಕು, ತಾನು ಏನು ಹೇಳಿದ್ದೆ ಎಂದು ಅವನಿಗೆ ಅನುಮಾನವಿರುವಾಗ.

ಮುಂದಿನ ವಿಚಾರಣೆಯ ಬೆಳಿಗ್ಗೆ ಬೆರಳಮ್ಮ ಎರಡು ಲೋಟ ನೀರು ಕುಡಿದಿದ್ದಳು, ಬಿಡುವಿನಲ್ಲಿ ಹೋಗಿ ಖಾಲಿ ಮಾಡಿಕೊಂಡು ಬಂದಿದ್ದಳು. ಕೂತು ಕಾಲು ಗಂಟೆಯೂ ಆಗಿರಲಿಲ್ಲ. ಕಿರಿಸೊಸೆ ಕಟಕಟೆ ಹತ್ತಿದಳು, ಇನ್ನೂ ಸೊರಗಿದ್ದಳು. ದೊಡ್ಡ ಮಗ ಎರಡನೆಯ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ವಕೀಲರು ಅದೇ ಪ್ರಶ್ನೆ ಕೇಳಿದರು. ಮೆಟ್ಟಿಲ ಮೇಲೆ ಇನ್ನಾರಿದ್ದರು?

ಅವಳು ಎರಡನೆಯ ಸಾಲಿನ ಕಡೆ ನೋಡಿದಳು. ‘ನೆನಪಿಲ್ಲ’ ಎಂದಳು, ಈ ಸಲ ಎಲ್ಲರಿಗೂ ಕೇಳಿಸುವಂತೆ.

ಪೆನ್ಸಿಲು ಬರೆಯಿತು, ನೆನಪಿಲ್ಲ. ಬರೆದು ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಒಳಗೆ ಏನೂ ಇಲ್ಲ, ಖಾಲಿ ಮಾಡಿ ಬಂದಿದ್ದಾಳೆ, ಇದು ಅವಳದಲ್ಲ. ಕೈ ಸಾಲಿನ ಮೇಲೆ ಸಾಲು ಇಳಿಯುತ್ತಿತ್ತು, ಗೆರೆ ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ, ಪುಟ್ಟಪುಟ್ಟದಾಗಿ, ಒಂದನ್ನೊಂದು ಹಿಡಿದುಕೊಂಡು ನಿಂತ ಹಾಗೆ. ನಾಲ್ಕು ಸಾಲು ಬರೆದು ನಿಂತಿತು. ಹಾಲಿನಲ್ಲಿ ಅಷ್ಟು ಹೊತ್ತೂ ಯಾರೂ ಮಾತಾಡಿರಲಿಲ್ಲ.

ಕಟಕಟೆಯ ಮೇಲಿನಿಂದ ಕಿರಿಸೊಸೆ ಪೆನ್ಸಿಲನ್ನೇ ನೋಡುತ್ತಿದ್ದಳು.

‘ಅವರು ಏನು ಬರೀತಿದ್ದಾರೆ? ನಾನು ಅಷ್ಟು ಹೇಳ್ಲಿಲ್ಲ.’

ನ್ಯಾಯಾಧೀಶರು ಓದಿ ಎಂದರು.

ಬೆರಳಮ್ಮ ಎದ್ದು ನಿಂತಳು, ಕಾಲು ಇತ್ತು. ಪುಟದಲ್ಲಿ ಏನಿದೆಯೆಂದು ಅವಳು ಓದಿಕೊಂಡಾಗಿತ್ತು. ಅದನ್ನು ಓದಿದರೆ ಎಲ್ಲರೂ ಕೇಳುತ್ತಾರೆ, ಆದರೆ ಆಡದ ಮಾತು ಸಾಕ್ಷಿಯಲ್ಲ. ಯಾರ ಬಾಯಿಂದ ಬರಬೇಕೋ ಅವರ ಬಾಯಿಂದ ಬರಬೇಕು.

‘ನೆನಪಿಲ್ಲ,’ ಎಂದು ಓದಿದಳು.

‘ಅಷ್ಟೇನಾ?’

‘ಸಾಕ್ಷಿ ಹೇಳಿದ್ದು ಅಷ್ಟೇ ಸ್ವಾಮಿ. ಉಳಿದಿದ್ದನ್ನ ಇನ್ನೂ ಯಾರೂ ಹೇಳಿಲ್ಲ.’

ಆರೋಪಿಯ ವಕೀಲರು ಏನೋ ಅನ್ನಲು ಎದ್ದರು, ನ್ಯಾಯಾಧೀಶರು ಕೈ ಎತ್ತಿ ಕೂರಿಸಿದರು. ಕಿರಿಸೊಸೆ ಬಗ್ಗಿ ಪುಸ್ತಕ ನೋಡಿದಳು. ಅವಳಿಗೆ ಅದು ಬರೀ ಗೀಚು, ಒಂದಕ್ಷರವೂ ಅರ್ಥವಾಗುವಂತಿರಲಿಲ್ಲ. ಆದರೂ ಬಹಳ ಹೊತ್ತು ನೋಡಿದಳು. ನೀರು ಕೇಳಿದಳು, ಜವಾನ ಕೊಟ್ಟ. ಕುಡಿದು, ಲೋಟವನ್ನು ಮರದ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಮಾತಾಡಿದಳು.

‘ಭಾವ ಇದ್ರು. ಮಾವ ಅವರ ಕೈ ಹಿಡ್ಕೊಳ್ಳೋಕೆ ಹೋದ್ರು, ಇವರು ಕೊಡವಿಬಿಟ್ರು. ಕೆಳಗೆ ಬಿದ್ದ ಮೇಲೂ ಮಾವ ನನ್ನ ಹೆಸರು ಹಿಡಿದು ಕರೀತಾನೇ ಇದ್ರು. ನಾನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದೆ, ಕೇಳಿಸದೆ ಇರ್ಲಿ ಅಂತ.’

ಕೋರ್ಟು ಗಲಗಲ ಎಂದಿತು. ಎರಡನೆಯ ಸಾಲಿನವನು ಕಾಲು ಕೆಳಗಿಳಿಸಿದ. ಸರ್ಕಾರಿ ವಕೀಲರು ಗಾಬರಿಯಿಂದ ಬೆರಳಮ್ಮನ ಕಡೆ ತಿರುಗಿ, ಬರ್ಕೊಂಡ್ರಾ ಎಂದು ಕೇಳಿದರು. ಅವಳ ಪೆನ್ಸಿಲು ಕಾಗದದಿಂದ ಎರಡು ಬೆರಳು ಮೇಲೆ ನಿಂತಿತ್ತು, ಆ ಹೆಂಗಸು ಮಾತಾಡಿದಷ್ಟು ಹೊತ್ತೂ ಅದು ಕದಲಿರಲಿಲ್ಲ. ಪುಟದ ನಾಲ್ಕು ಸಾಲುಗಳನ್ನು ಇನ್ನೊಮ್ಮೆ ನೋಡಿದಳು, ಭಾವನಿಂದ ನಲ್ಲಿಯವರೆಗೆ ಆ ಹೆಂಗಸು ಈಗ ಆಡಿದ್ದೇ ಅಲ್ಲಿತ್ತು. ಒಂದು ಪದ ಹೆಚ್ಚಿರಲಿಲ್ಲ, ಒಂದು ಪದ ಕಮ್ಮಿಯಿರಲಿಲ್ಲ.

‘ಬರ್ಕೊಂಡಿದ್ದೀನಿ’ ಎಂದಳು.